ಟೆಂಡರ್ ಕೌಂಟರಿನ ಮುಂದೆ ನನ್ನ ಭಾವ

ನನ್ನ ಭಾವ ಚರಂಡಿ ಕಟ್ಟಿಸುವ ಸಣ್ಣ ಗುತ್ತಿಗೆದಾರರು. ಜಗಳ ಕಂಡರೆ ಮಾರುದೂರ ಹಾರುವ ಜೀವ. ಹಿಂದೆ ನಗರಸಭೆಯಲ್ಲಿ ಟೆಂಡರ್ ಎಂದರೆ ಒಂದು ತಗಡಿನ ಪೆಟ್ಟಿಗೆ, ಅದರ ಸುತ್ತ ದೊಡ್ಡ ಗುತ್ತಿಗೆದಾರನ ಆಳುಗಳು. ಬೇರೆ ಯಾರಾದರೂ ಲಕೋಟೆ ಹಿಡಿದು ಬಂದರೆ ಮೆಟ್ಟಿಲ ಮೇಲಿಂದ ಉರುಳಿಸುತ್ತಿದ್ದರು. ಭಾವನ ಮುಂದಿನ ಹಲ್ಲುಗಳು ಉದುರಿದ್ದು ಅಲ್ಲಿಯೇ.

ಆಮೇಲೆ ಕಂಪ್ಯೂಟರ್ ಟೆಂಡರ್ ಬಂತು. ಮನೆಯಲ್ಲೇ ಕೂತು ದರ ಹಾಕಬಹುದು, ತೆರೆಯುವ ದಿನದವರೆಗೆ ಯಾರು ಹಾಕಿದ್ದಾರೆಂದು ಯಾರಿಗೂ ತಿಳಿಯದು. ಭಾವ ಬೊಚ್ಚುಬಾಯಿ ಬಿಟ್ಟು ನಕ್ಕರು.

"ಇನ್ನು ನನ್ನ ಮುಖ ಯಾರೂ ನೋಡ್ಬೇಕಾಗಿಲ್ಲ ಕಣೋ. ದರ ನೋಡಿದ್ರೆ ಸಾಕು."

ಮಾರುಕಟ್ಟೆ ಬೀದಿಯ ಚರಂಡಿಗೆ ದರ ಹಾಕಿದರು. ಅದೂ ಕೈತಪ್ಪಿದರೆ ಕಸುಬು ಬಿಟ್ಟು ಕೂಲಿಗೆ ಹೋಗುವುದೊಂದೇ ದಾರಿಯಾಗಿತ್ತು.

ಆದರೆ ನಮ್ಮ ನಗರಸಭೆಯ ಬೃಹಸ್ಪತಿಗಳು ಒಂದು ಬಾಲ ಅಂಟಿಸಿದ್ದರು: ಕಂಪ್ಯೂಟರಿನಲ್ಲಿ ಹಾಕಿದ್ದರ ಪ್ರಿಂಟ್ ತೆಗೆದು, ಟೆಂಡರ್ ತೆರೆಯುವ ಮುನ್ನ, ಗುತ್ತಿಗೆದಾರನೇ ಖುದ್ದಾಗಿ ಕೌಂಟರಿಗೆ ಕೊಡಬೇಕು. ಕೈಗೆ ಕಾಗದ ಸಿಗದಿದ್ದರೆ ಅವರಿಗೆ ಉಂಡ ಅನ್ನ ಅರಗುವುದಿಲ್ಲ. ದೊಡ್ಡವನ ಆಳುಗಳಿಗೆ ಅಷ್ಟೇ ಬೇಕಿತ್ತು. ಸರ್ಕಾರ ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರಿದರು. ಪೆಟ್ಟಿಗೆ ಬಿಟ್ಟು ಕೌಂಟರಿನ ಮುಂದಿನ ಬೆಂಚಿನಲ್ಲಿ ಕೂತರು.

ನಾನೂ ಭಾವನ ಜೊತೆಗೆ ಹೋಗಿದ್ದೆ. ಒಬ್ಬ ನನ್ನ ಕತ್ತು ಹಿಡಿದು ಗೋಡೆಗೆ ಒತ್ತಿದ. ಇನ್ನಿಬ್ಬರು ಭಾವನನ್ನು ಕೆಡವಿ, ಅವರ ಬಲಗೈಯನ್ನು ಬೆಂಚಿನ ಕಾಲಿಗೆ ಅಡ್ಡವಿಟ್ಟು ಬೂಟುಗಾಲಲ್ಲಿ ತುಳಿದರು. ಒಣ ಸೌದೆ ಮುರಿದಂಥ ಸದ್ದು. ಗುಮಾಸ್ತ ಕಿಟಕಿ ಎಳೆದುಕೊಂಡ. ಭಾವ ಎಡಗೈಯಲ್ಲಿ ಕಾಗದ ಹಿಡಿದು ತೆವಳಿ ಹೋಗಿ, ಕಿಟಕಿಗೆ ಹಣೆ ಚಚ್ಚಿದರು.

"ತಗೊಳ್ಳಿ ಸಾರ್! ಸತ್ರೂ ಇಲ್ಲಿಂದ ಏಳಲ್ಲ!"

ಗಾಜಿನ ಮೇಲೆ ರಕ್ತ ಇಳಿಯಿತು. ಗುಮಾಸ್ತ ಹೆದರಿ, ಕಿಟಕಿ ತೆರೆದು ಕಾಗದ ಎಳೆದುಕೊಂಡು ಸೀಲು ಒತ್ತಿದ.

ಕೆಲಸ ಭಾವನಿಗೇ ಸಿಕ್ಕಿತು. ಕೈ ಮಾತ್ರ ಸೊಟ್ಟಗೆ ಕೂಡಿಕೊಂಡಿತು. ಅದೇ ವರ್ಷ ನಗರಸಭೆಗೆ ಉತ್ತಮ ಆಡಳಿತದ ಪ್ರಶಸ್ತಿ ಬಂತು. ಟೆಂಡರಿನ ಬಗ್ಗೆ ಒಂದು ದೂರೂ ಇಲ್ಲವಂತೆ! ಅವರ ಮುಖಕ್ಕಿಷ್ಟು ಬೆಂಕಿ ಹಾಕ. ಹೊಡೆಸಿಕೊಂಡವನು ಆಸ್ಪತ್ರೆಗೆ ಹೋಗುತ್ತಾನೋ, ದೂರು ಬರೆಯಲು ಕೂರುತ್ತಾನೋ?

ಮುಂದಿನ ಟೆಂಡರಿಗೆ ನಾವು ಹೋದಾಗ ಆ ಆಳುಗಳು ಸರಿದು ಬೆಂಚಿನಲ್ಲಿ ಜಾಗ ಮಾಡಿಕೊಟ್ಟರು.

"ಬನ್ನಿ ಅಣ್ಣ, ನಿಮ್ದು ಗಟ್ಟಿ ಜೀವ. ಮೇಲಿನ ಬೀದಿಗಳು ನಮಗೆ, ಕೆಳಗಿನವು ನಿಮಗೆ. ಬೇರೆಯವ್ರು ಯಾಕೆ ಬರ್ಬೇಕು ಹೇಳಿ?"

ಬೈದು ಬರುತ್ತಾರೆ ಎಂದುಕೊಂಡೆ. ಭಾವ ಕೂತರು.

ಸ್ವಲ್ಪ ಹೊತ್ತಿಗೆ ಹೊಸ ಗುತ್ತಿಗೆದಾರನೊಬ್ಬ ಕಾಗದ ಎದೆಗವಚಿಕೊಂಡು ಬಂದ. "ಕೆಳಗಿನ ಬೀದಿ ಕೆಲಸದ್ದು ಇಲ್ಲೇ ಕೊಡ್ಬೇಕಾ ಸಾರ್?" ಎಂದು ಭಾವನನ್ನೇ ಕೇಳಿದ.

ಭಾವ ಎದ್ದು, ಎಡಗೈಯಲ್ಲಿ ಅವನ ಕೊರಳಪಟ್ಟಿ ಹಿಡಿದು, ಮುಖವನ್ನು ಗೋಡೆಗೆ ಅಪ್ಪಳಿಸಿದರು. ಮತ್ತೆ ಅಪ್ಪಳಿಸಿದರು. "ಭಾವ, ಬಿಡಿ, ಸಾಯ್ತಾನೆ!" ಎಂದು ಸೊಂಟ ಹಿಡಿದು ಎಳೆದೆ. ನನ್ನನ್ನು ಮೊಣಕೈಯಿಂದ ತಳ್ಳಿದರು. ನನಗೆ ಹೇಸಿಗೆಯಾಯಿತು, ಅಳುವೂ ಬಂತು.

ಮನೆಗೆ ಬಂದಾಗ ಭಾವನ ಅಂಗಿ ನೋಡಿ ಅಕ್ಕ ಕಿರುಚಿದಳು. "ಅಯ್ಯೋ, ಮತ್ತೆ ಹೊಡೆದ್ರೇನ್ರೀ ನಿಮ್ಗೆ?"

ಭಾವ ಅಂಗಿ ಬಿಚ್ಚಿ ಅವಳ ಕೈಗಿಟ್ಟರು.

"ರಕ್ತ ನಂದಲ್ಲ. ಒಗೆದುಹಾಕು."