ಗುರಪ್ಪನ ಎಡಗಣ್ಣಿನ ಆಕಾಶ

ಎದುರಿಗೆ ಬಂದವರ ಮುಖವನ್ನು ನೋಡುವುದಕ್ಕೆ ಮುಂಚೆ ಅವರ ಮೂಗಿನ ನೆರಳು ಯಾವ ಕಡೆ ಬಿದ್ದಿದೆಯೆಂದು ನೋಡುವ ಒಬ್ಬನೇ ಒಬ್ಬ ಮನುಷ್ಯನನ್ನು ನನ್ನ ಆಯುಷ್ಯದಲ್ಲಿ ಕಂಡಿದ್ದೇನೆ. ಅವನು ಅಣ್ಣಿಗೇರಿಯ ಗುರಪ್ಪ. ನಮಸ್ಕರಿಸಿದರೆ ಅವನಿಂದ ಪ್ರತಿನಮಸ್ಕಾರ ಬರುವುದು ಸ್ವಲ್ಪ ತಡವಾಗುತ್ತಿತ್ತು. ಅಷ್ಟರೊಳಗೆ ಅವನು ಕತ್ತು ಓರೆ ಮಾಡಿ, “ಒಂದ ಹೆಜ್ಜಿ ಈ ಬಾಜೂ ಸರೀರಿ ಶಾಸ್ತ್ರ್ಯಾರ, ವಿಭೂತಿ ಮ್ಯಾಲೆ ಬೆಳಕ ಸರಿ ಬಿದ್ದಿಲ್ಲ” ಎಂದುಬಿಡುತ್ತಿದ್ದ. ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಹೇಳಿಕೊಟ್ಟು ಮುಪ್ಪಾದ ನನ್ನನ್ನು ನಡುಬಜಾರದಲ್ಲಿ ಹೀಗೆ ಸರಿಸಿ ನಿಲ್ಲಿಸಿದವರು ಬೇರೆ ಯಾರೂ ಇಲ್ಲ. ನಾನೂ ಸರಿದು ನಿಲ್ಲುತ್ತಿದ್ದೆ. ಏಕೆ ನಿಲ್ಲುತ್ತಿದ್ದೆನೆಂಬುದು ಇಂದಿಗೂ ನನಗೆ ತಿಳಿಯದು.

ಬಜಾರದಲ್ಲಿ ಅವನದೊಂದು ಚಿಕ್ಕ ಫೋಟೊ ಸ್ಟುಡಿಯೋ ಇತ್ತು. ನಮ್ಮ ಸೀಮೆಯಲ್ಲಿ ಹಿರಿಯರು ಲಿಂಗೈಕ್ಯರಾದಾಗ ದೇಹವನ್ನು ಗೋಡೆಗೆ ಆನಿಸಿ ಕುಳ್ಳಿರಿಸಿ, ವಿಭೂತಿ ಧರಿಸಿ, ಹೂವೇರಿಸಿ ಪೂಜಿಸುವ ಪದ್ಧತಿಯುಂಟು. ಬದುಕಿದ್ದಾಗ ಒಂದು ಚಿತ್ರವನ್ನೂ ತೆಗೆಸಿಕೊಳ್ಳದವರ ಮನೆಯವರು ಆ ಹೊತ್ತಿನಲ್ಲಿ ಗುರಪ್ಪನಿಗೆ ಹೇಳಿಕಳುಹಿಸುತ್ತಿದ್ದರು. ಅವನು ಚಿತ್ರವನ್ನು ಅಂಗಡಿಗೆ ಒಯ್ದು, ಮುಚ್ಚಿದ ಕಣ್ಣುಗಳನ್ನು ತೆರೆಸಿ, ಸಡಿಲಿದ ತುಟಿಯನ್ನು ಬಿಗಿ ಮಾಡಿ, ತಲೆಗೆ ರುಮಾಲು ಸುತ್ತಿ, ಎಂದೂ ಕೋಟು ತೊಡದವರಿಗೆ ಕೋಟು ತೊಡಿಸಿ ಕೊಡುತ್ತಿದ್ದ. ಇದು ಸತ್ಯಕ್ಕೆ ಸಲ್ಲುವ ಕೆಲಸವೇ ಎಂದು ನಾನೊಮ್ಮೆ ಕೇಳಿದೆ. ಅವನು ಕೊಟ್ಟ ಉತ್ತರ ಅವನ ಇಡೀ ಸಿದ್ಧಾಂತವಾಗಿತ್ತು. “ಇದ್ದದ್ದ ಇದ್ದಂಗ ತೋರಿಸಿದ್ರ ಮನಿ ಮಂದಿ ನೋಡಾಕ ಅಂಜತಾರ್ರಿ. ಪೂರಾ ಬ್ಯಾರೆ ಮಾಡಿದ್ರ ಗುರತ ಹಿಡಿಯೂದಿಲ್ಲ. ಸುಳ್ಳ ಅನ್ನೂದು ಸಾರಿನಾಗಿನ ಉಪ್ಪ ಇದ್ದಂಗ ಇರಬೇಕ್ರಿ.”

ಮನೆಮನೆಗೂ ಮೊಬೈಲು ಬಂದ ಮೇಲೆ ಅಂಗಡಿಗೆ ಬರುವವರು ವಿರಳವಾದರು. ಫೋಟೊ ತಿದ್ದಲೆಂದು ತಂದಿದ್ದ ಕಂಪ್ಯೂಟರನ್ನು ಗುರಪ್ಪ ಮನೆಗೆ ಸಾಗಿಸಿದ. ಕೆಲವು ದಿನಗಳಲ್ಲಿ, ಅವನು ಅದರಲ್ಲಿ ಆಟವಾಡುತ್ತಾನೆಂಬ ಸುದ್ದಿ ಹಬ್ಬಿತು. ಐವತ್ತು ದಾಟಿದ ಗೃಹಸ್ಥನ ಈ ಅವಸ್ಥೆಯನ್ನು ಕೇಳಿ ನಾನು ಖಿನ್ನನಾದೆ. ಅವನ ಹೆಂಡತಿ ಶಂಕ್ರವ್ವ ಮಾತ್ರ, ಇಸ್ಪೀಟಿನಕಿಂತ ಇದು ಚೊಲೊ ಎಂದು ಸಮಾಧಾನ ತಂದುಕೊಂಡಿದ್ದಳು.

ಬುದ್ಧಿ ಹೇಳಲು ಹೋದ ನನ್ನನ್ನು ಗುರಪ್ಪ ಕುರ್ಚಿಯ ಮೇಲೆ ಕೂರಿಸಿ ಎಲ್ಲವನ್ನೂ ವಿವರಿಸಿದ. ಯಾವುದೋ ದೇಶದವರು ಕಟ್ಟಿದ ಆಟವದು. ಕುದುರೆ ಏರಿದ ಒಬ್ಬ ಸವಾರ ಕೋಟೆ ಕಾಡು ಬಯಲುಗಳ ಒಂದು ಕಲ್ಪಿತ ರಾಜ್ಯದಲ್ಲಿ ಅಲೆಯುತ್ತಾನೆ. ಹಾಗೆ ಕಟ್ಟಿದ ಆಟದ ಕಲ್ಲು, ಹುಲ್ಲು, ಬೆಳಕು, ಆಕಾಶಗಳನ್ನು ತಮಗೆ ತೋರಿದಂತೆ ತಿದ್ದಿ ಇತರರಿಗೆ ಹಂಚುವವರು ಜಗತ್ತಿನಲ್ಲೆಲ್ಲ ಇದ್ದಾರಂತೆ. ಆ ತಿದ್ದುಪಡಿಗೆ ‘ಮಾಡ್’ ಎನ್ನುತ್ತಾರೆ. ಗುರಪ್ಪ ಆಡುತ್ತಿದ್ದುದು ಕಡಿಮೆ, ತಿದ್ದುತ್ತಿದ್ದುದೇ ಹೆಚ್ಚು. ಆ ರಾಜ್ಯದ ಮೂಡಣ ಬಯಲಿಗೆ ನವಲಗುಂದದ ಕಡೆಯ ಎರೆಮಣ್ಣಿನ ಬಣ್ಣ ಬಳಿದಿದ್ದ. ಪರದೇಶದ ಒಂದು ದೇವಾಲಯಕ್ಕೆ ನಮ್ಮೂರಿನ ಹಳೆಯ ಕಲ್ಲುಗುಡಿಯ ಮೈಯನ್ನು ಹೊದಿಸಿದ್ದ. ಗೋಡೆಯ ಸಂದಿನಲ್ಲಿ ಪಾರಿವಾಳದ ಹಿಕ್ಕೆಯನ್ನೂ ಬಿಟ್ಟಿರಲಿಲ್ಲ. ಅದು ಏಕೆ ಬೇಕಿತ್ತು ಎಂದರೆ, ಅದಿಲ್ಲದಿದ್ದರೆ ಯಾರೂ ಗುಡಿಯನ್ನು ನಂಬುವುದಿಲ್ಲ ಎಂದ.

ಆ ದಿನವೇ ನನ್ನಿಂದ ಒಂದು ವಿಚಿತ್ರ ನಡೆಯಿತು. ಗುರಪ್ಪ ಸವಾರನನ್ನು ಕುದುರೆಯಿಂದ ಇಳಿಸಿ ಗುಡಿಯ ಸುತ್ತ ನಡೆಸುತ್ತಿದ್ದ. ಬಲಕ್ಕೆ ತಿರುಗಿ ಬಂದ ಸವಾರ, ಅಭಿಷೇಕದ ನೀರು ಹೊರಗೆ ಹರಿಯುವ ಗೋಮುಖಿಯನ್ನು ಸಮೀಪಿಸಿದ. ಶಿವಾಲಯದಲ್ಲಿ ಆ ನೀರನ್ನು ದಾಟಬಾರದು. ಅಲ್ಲಿಯವರೆಗೆ ಹೋಗಿ, ಬಂದ ದಾರಿಯಲ್ಲೇ ಹಿಂದಿರುಗಬೇಕು. ನಾನು ಕುರ್ಚಿಯಿಂದ ಎದ್ದು ಗುರಪ್ಪನ ಕೈ ಹಿಡಿದುಕೊಂಡೆ. “ದಾಟಬ್ಯಾಡೋ, ಹಿಂದಕ್ಕ ತಿರುಗಸು” ಎಂದೆ. ಗುರಪ್ಪ ನಗಲಿಲ್ಲ. ಸವಾರನನ್ನು ಹಿಂದಕ್ಕೆ ತಿರುಗಿಸಿ, ಪ್ರದಕ್ಷಿಣೆಯನ್ನು ವಿಧಿವತ್ತಾಗಿ ಪೂರೈಸಿದ. ಬಾಗಿಲಲ್ಲಿ ನಿಂತಿದ್ದ ಶಂಕ್ರವ್ವ, “ಇಬ್ಬರಿಗೂ ಹಿಡೀತು ಬಿಡು” ಎಂದು ಒಳಗೆ ಹೋದಳು. ಇಲ್ಲದ ಗುಡಿಯ ಇಲ್ಲದ ನೀರನ್ನು ಇಲ್ಲದ ಮನುಷ್ಯನೊಬ್ಬ ದಾಟಿದ್ದರೆ ದೋಷ ಯಾರಿಗೆ ತಟ್ಟುತ್ತಿತ್ತು? ಬಹಳ ದಿನ ಯೋಚಿಸಿದೆ. ಆಗಮಗಳಲ್ಲಿ ಇದಕ್ಕೆ ಉತ್ತರ ಕಾಣಲಿಲ್ಲ.

ಅಲ್ಲಿಂದ ಮುಂದೆ ವಾರಕ್ಕೊಮ್ಮೆಯಾದರೂ ಅವನ ಮನೆಗೆ ಹೋಗುವುದು ರೂಢಿಯಾಯಿತು. ಆ ದಿನಗಳಲ್ಲಿ ಅವನ ಮನಸ್ಸೆಲ್ಲ ಬಯಲಿನ ಆಕಾಶದ ಮೇಲಿತ್ತು. ಈಗಿನ ಆಕಾಶ ಧೂಳು ಹಿಡಿದು ಹಳದಿಗಟ್ಟಿದೆ, ತಾನು ಹುಡುಗನಾಗಿದ್ದಾಗಿನ ಆಕಾಶವನ್ನು ಮಾಡಿ ತೋರಿಸಬೇಕು ಎನ್ನುತ್ತಿದ್ದ. ನನಗೂ ಹಾಗೆಯೇ ಕಾಣುತ್ತಿತ್ತು. ಲಾರಿಗಳ ಹೊಗೆ, ಕಲ್ಲಿನ ಕ್ವಾರಿಗಳ ಪುಡಿ, ಕಲಿಯುಗದ ಪ್ರಭಾವ ಎಂದು ಇಬ್ಬರೂ ಸೇರಿ ಲೋಕವನ್ನು ನಿಂದಿಸಿದೆವು. ಅವನು ತಿಂಗಳುಗಟ್ಟಲೆ ತಿದ್ದಿ ಕೊನೆಗೊಂದು ದಿನ ಪರದೆಯ ಮೇಲೆ ಆ ಆಕಾಶವನ್ನು ತೆರೆದಾಗ ನನ್ನ ಕಣ್ಣು ತುಂಬಿ ಬಂತು. ಇದೇ, ನಿಸ್ಸಂದೇಹವಾಗಿ ಇದೇ ಎಂದೆ.

ಆದರೆ ಅವನು ಅಂತರ್ಜಾಲದಲ್ಲಿ ಹಂಚಿದ್ದನ್ನು ಇಳಿಸಿಕೊಂಡು ಆಡಿದ ಪರಸ್ಥಳದವರು ಬೇರೊಂದು ರೀತಿಯಲ್ಲಿ ಹೊಗಳಿದರು. ಇಂಥ ನೀಲಿ ಭೂಮಿಯ ಮೇಲೆ ಎಲ್ಲಿಯೂ ಇಲ್ಲ, ಮಣ್ಣನ್ನು ಇಷ್ಟು ನಿಜವಾಗಿ ತೋರಿಸಿ ಮೇಲೆ ಕನಸಿನ ಆಕಾಶವನ್ನು ಹೊದಿಸಿದ ನಿಮ್ಮ ಕಲ್ಪನೆಗೆ ಶರಣು ಎಂದು ಬರೆದರು. ಗುರಪ್ಪನಿಗೆ ಇದು ಹೊಗಳಿಕೆಯಾಗಿ ಕೇಳಲಿಲ್ಲ. ತಾನು ಬಿಡಿಸಿದ್ದು ಇದ್ದ ಆಕಾಶವನ್ನೇ ಎಂದು ವಾದಿಸಿ, ವೃದ್ಧ ವಿದ್ವಾಂಸರೊಬ್ಬರು ಸ್ವತಃ ನೋಡಿ ಒಪ್ಪಿದ್ದಾರೆಂದು ನನ್ನ ಸಾಕ್ಷ್ಯವನ್ನೂ ಬರೆದು ಕಳುಹಿಸಿದ. ಅವರು ಇನ್ನಷ್ಟು ಹೊಗಳಿದರು.

ಕಾರಣ ತಿಳಿದದ್ದು ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಯಲ್ಲಿ. ಸೂಜಿಗೆ ದಾರ ಪೋಣಿಸಿಕೊಡಲೂ ಆಗದಂತಾಗಿದೆಯೆಂದು ಶಂಕ್ರವ್ವ ಅವನನ್ನು ಅಲ್ಲಿಗೆ ಒಯ್ದಿದ್ದಳು. ಎರಡೂ ಕಣ್ಣಿನಲ್ಲಿ ಹಳದಿ ಪೊರೆ ಬೆಳೆದಿತ್ತು. ಮೊದಲು ಬಲಗಣ್ಣಿನ ಶಸ್ತ್ರಚಿಕಿತ್ಸೆಯಾಯಿತು. ಪಟ್ಟಿ ಬಿಚ್ಚಿದ ಕೆಲವು ದಿನಗಳಲ್ಲಿ ಗುರಪ್ಪ ನನ್ನ ಮನೆಗೆ ಬಂದ. ಅಂದು ಅವನು ಬೆಳಕಿನ ಮಾತೆತ್ತಲಿಲ್ಲ. ಕಟ್ಟೆಯ ಮೇಲೆ ಕೂತು ಹೇಳಿದ: “ಆಕಾಶ ಕೆಟ್ಟಿಲ್ರಿ ಶಾಸ್ತ್ರ್ಯಾರ. ಹೆಂಗಿತ್ತೋ ಹಂಗ ಐತಿ. ಕೆಟ್ಟಿದ್ದು ನನ್ನ ಕಣ್ಣ. ನಾ ಮಾಡಿದ ಆಕಾಶ ಬಲಗಣ್ಣಲೆ ನೋಡಿದ್ರ, ಧೋತರಕ್ಕ ನೀಲಿ ಹೆಚ್ಚಾಗಿ ಕುಂತಂಗ ಕಾಣ್ತದ್ರಿ. ಎಡಗಣ್ಣಲೆ ನೋಡಿದ್ರ ಅಗದಿ ಖರೇ ಐತಿ.”

ಹಾಗಾದರೆ ನನ್ನ ಸಾಕ್ಷ್ಯದ ಗತಿಯೇನು ಎಂದು ಕೇಳಿದೆ. ನನ್ನ ಕಣ್ಣುಗಳನ್ನು ಹತ್ತಿರದಿಂದ ನೋಡಿ, ನಿಮ್ಮ ಪೊರೆಯೂ ಹಣ್ಣಾಗಿದೆ ಎಂದ. ಅದು ನನಗೂ ಗೊತ್ತಿತ್ತು. ಆದರೆ ರಕ್ತದಲ್ಲಿ ಸಕ್ಕರೆ ಇಳಿಯುವವರೆಗೆ ಶಸ್ತ್ರಚಿಕಿತ್ಸೆ ಬೇಡವೆಂದು ವೈದ್ಯರು ನನ್ನನ್ನು ತಡೆದಿದ್ದರು.

ಪೇಚು ಆರಂಭವಾದದ್ದು ಅಲ್ಲಿಂದ. ಗುರಪ್ಪ ಎಡಗಣ್ಣಿನ ಶಸ್ತ್ರಚಿಕಿತ್ಸೆಯನ್ನು ಮುಂದೂಡತೊಡಗಿದ. ಅವನ ರಾಜ್ಯದಲ್ಲಿ ಮೂಡಣ ಬಯಲು ಮಾತ್ರ ಮುಗಿದಿತ್ತು. ನಡುವೆ ಒಂದು ಹಳ್ಳ. ಅದರಾಚೆ ಅಳ್ನಾವರದ ಕಡೆಯ ಕಾಡನ್ನು ನೆನೆದು ತಿದ್ದಬೇಕಿದ್ದ ಪಡುವಣ ಸೀಮೆ ಹಾಗೆಯೇ ಉಳಿದಿತ್ತು. ಅದಕ್ಕೂ ಅದೇ ಆಕಾಶ ಕೂಡಬೇಕಾದರೆ ಆ ಪೊರೆಯ ಕಣ್ಣೇ ಬೇಕು ಎಂಬುದು ಅವನ ವಾದ. ಬಲಗಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂರುತ್ತಿದ್ದ. ಎಡಗಣ್ಣಿನ ನೋಟವೋ ದಿನದಿಂದ ದಿನಕ್ಕೆ ಮಂದವಾಗುತ್ತಿತ್ತು. ಇನ್ನು ತಡ ಮಾಡಿದರೆ ಪೊರೆ ಒಡೆದು ಕಣ್ಣೇ ಹೋದೀತೆಂದು ವೈದ್ಯರು ಎಚ್ಚರಿಸಿದರು. ಶಂಕ್ರವ್ವ ನನ್ನಲ್ಲಿಗೆ ಬಂದು ಕಂಬಕ್ಕೆ ಒರಗಿ ನಿಂತಳು. “ಇರೂ ಎರಡ ಕಣ್ಣಾಗ ಒಂದನ್ನ ಆಟಕ್ಕ ಇಟ್ಟ ಕುಂತಾರ್ರಿ. ನನ್ನ ಮಾತ ಕೇಳಂಗಿಲ್ಲ. ನೀವರೆ ಹೇಳ್ರಿ” ಎಂದಳು.

ಹೇಳಲು ಹೋದೆ. ದಾರಿಯುದ್ದಕ್ಕೂ ಕಣ್ಣಿನ ಮಹಿಮೆಯನ್ನು ಸಾರುವ ವಚನಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಆದರೆ ಪರದೆಯ ಮೇಲೆ ಆ ಬಯಲು ತೆರೆದಿತ್ತು. ಅದನ್ನು ಕಂಡೊಡನೆ ಜೋಡಿಸಿದ್ದೆಲ್ಲ ಚದುರಿಹೋಯಿತು. ಆ ಆಕಾಶ ಸುಳ್ಳೆಂದು ಯಾವ ಬಾಯಿಂದ ಹೇಳಲಿ? ನನ್ನ ಕಣ್ಣಿಗೆ ಅದು ನಿಜವಾಗಿಯೇ ಇತ್ತು. ಹೊರಗಿನ ಆಕಾಶವೇ ಮಾಸಿತ್ತು. ಕೊನೆಗೆ ನನಗೆ ಹೊಳೆದದ್ದು ನನ್ನ ನಿತ್ಯದ ಕರ್ಮವೊಂದೇ. “ಮಣ್ಣಿನ ಗಣಪ್ಪಗ ಆವಾಹನಾ ಮಾಡ್ತೀವಿ. ದಿನಾ ಪೂಜಾ ಮಾಡಿ ಕಡೀಕೆ ವಿಸರ್ಜನಾ ಮಾಡ್ತೀವಿ. ಕರದಾವನ ಕಳಿಸಿಕೊಡಬೇಕಪಾ ಗುರಪ್ಪಾ. ಇಟಗೊಂಡ ಕುಂದ್ರೂದು ಪೂಜಾ ಅಲ್ಲ” ಎಂದೆ.

ಅವನು ಬಟ್ಟೆಯನ್ನು ಬಿಚ್ಚಿ ಮಡಚುತ್ತ ಕೇಳಿದ: “ವಿಸರ್ಜನಾ ಆದ ಮ್ಯಾಲೆ ಮಣ್ಣ ನೀರಾಗ ಉಳೀತದ. ದೇವರ ಎಲ್ಲಿಗೆ ಹೋಗ್ತಾನ್ರಿ?”

ಐವತ್ತು ವರ್ಷ ವಿಸರ್ಜನೆಯ ಮಂತ್ರ ಹೇಳಿದ ನಾನು, ಬಂದಲ್ಲಿಗೆ ಹೋಗುತ್ತಾನೆ ಎಂದೇನೋ ಅಂದೆ. ಅವನಿಗೆ ಅದು ಸಾಲಲಿಲ್ಲವೆಂದು ಮುಖದಲ್ಲಿ ಕಾಣುತ್ತಿತ್ತು. ಆದರೂ ಮುಂದಿನ ಸೋಮವಾರ ಶಂಕ್ರವ್ವನೊಡನೆ ರೈಲು ಹತ್ತಿ ಹುಬ್ಬಳ್ಳಿಗೆ ಹೋಗಿ ಎಡಗಣ್ಣಿನ ಪೊರೆಯನ್ನು ತೆಗೆಸಿಕೊಂಡು ಬಂದ.

ಹಳ್ಳದಾಚೆಯ ಪಡುವಣ ಸೀಮೆಯನ್ನು ಅವನು ಹೊಸ ಕಣ್ಣುಗಳಿಂದ, ಆಕಾಶ ಇದ್ದಂತೆಯೇ ತಿದ್ದಿದ. ಮೂಡಣದ ನೀಲಿಯನ್ನು ಮುಟ್ಟಲಿಲ್ಲ. ಹೀಗಾಗಿ ಸವಾರ ಹಳ್ಳ ದಾಟಿದೊಡನೆ ಮೇಲಿನ ಬಣ್ಣ ಬದಲಾಗುತ್ತಿತ್ತು. ಅದು ಕನಸಿನಿಂದ ಎಚ್ಚರಕ್ಕೆ ಬರುವ ಸಂಕೇತವೆಂದು ಒಬ್ಬ, ಮರಣದ ಸಂಕೇತವೆಂದು ಮತ್ತೊಬ್ಬ, ನಿಜವನ್ನೂ ಕಲ್ಪನೆಯನ್ನೂ ಹೀಗೆ ತೂಗಿದವರಿಲ್ಲವೆಂದು ಇನ್ನೊಬ್ಬ ಉದ್ದುದ್ದ ಬರೆದರು. ಗುರಪ್ಪ ಅದನ್ನೆಲ್ಲ ನನಗೆ ಓದಿ ಹೇಳಿ, “ನನ್ನ ಆಪರೇಶನ್ನಿಗೆ ಇಷ್ಟೆಲ್ಲಾ ಅರ್ಥ ಐತಿ ಅಂತ ಆ ಡಾಕ್ಟರಗೂ ಗೊತ್ತಿಲ್ರಿ” ಎಂದು ನಕ್ಕ. ನನಗೆ ಅವರೆಲ್ಲರ ಮಾತೂ ಸರಿಯೆನಿಸಿತು. ಗುರಪ್ಪನ ನಗೆಯೂ ಸರಿಯೆನಿಸಿತು.

ಅಂದು ಹೊರಡುವಾಗ ಅವನು ನನ್ನನ್ನು ತಡೆದು ಬಯಲಿನ ಆಕಾಶವನ್ನು ಮತ್ತೊಮ್ಮೆ ತೆರೆದ. ತನಗೀಗ ಅಲ್ಲಿ ಬರೀ ನೀಲಿ ಬಳಿದಂತೆ ಕಾಣುತ್ತದೆ ಎಂದು ತಗ್ಗಿದ ದನಿಯಲ್ಲಿ ಹೇಳಿದ. “ನೀವ ನೋಡ್ರಿ. ಇನ್ನೂ ಐತೇನ್ರಿ ಅದು?” ನಾನು ನೋಡಿ, ಐತಪಾ ಎಂದೆ. ಅವನು ತಲೆಯಾಡಿಸಿದ. ಅದು ನಮ್ಮ ಕೊನೆಯ ಭೇಟಿ. ಆ ಮಾಘದಲ್ಲಿ ಗುರಪ್ಪ ಒಂದು ಬೆಳಗ್ಗೆ ಎದೆನೋವೆಂದು ಕೂತವನು ಏಳಲಿಲ್ಲ.

ನನ್ನ ಸಕ್ಕರೆ ಈಗ ಇಳಿದಿದೆ. ನಾಳೆ ಶಸ್ತ್ರಚಿಕಿತ್ಸೆ. ಹೊರಗಿನ ಆಕಾಶ ನನಗೆ ಮರಳಿ ಬರುತ್ತದೆಂದು ಎಲ್ಲರೂ ಹೇಳುತ್ತಾರೆ. ಅದು ಬಂದಾಗ ಪರದೆಯ ಮೇಲಿನದು ಹೋಗುತ್ತದೆಂಬುದನ್ನು ಅವರಿಗೆ ಹೇಗೆ ತಿಳಿಸಲಿ? ಲಾಭವಾವುದು, ಹಾನಿಯಾವುದು ಎಂದು ತಿಳಿಯದೆ ಇಂದು ಸಂಜೆ ಶಂಕ್ರವ್ವನ ಮನೆಗೆ ಹೋದೆ. ಕೇಳುವ ಮೊದಲೇ ಆಕೆ ಕಂಪ್ಯೂಟರನ್ನು ಹಚ್ಚಿದಳು. ಸವಾರ ಬಯಲಿನ ನಡುವೆ ನಿಂತಿದ್ದ.

“ದಿನಾ ಹಚ್ಚಿ ನೋಡ್ತೀನ್ರಿ. ನನಗ ಬರೇ ನೀಲಿ ಕಾಣ್ತದ. ಅವ್ರು ಇದರಾಗ ಏನ ನೋಡತಿದ್ರು ಹೇಳ್ರಿ” ಎಂದಳು.

ನನಗೆ ಕಂಡದ್ದನ್ನು ಕಂಡಂತೆ ಹೇಳತೊಡಗಿದೆ. ಚಳಿಗಾಲದ ಮುಂಜಾವು. ಸೂರ್ಯ ಇನ್ನೂ ಮೂಡಿಲ್ಲ, ಮೂಡಲು ತಡವೂ ಇಲ್ಲ. ಕಡಲೆಯ ಹೊಲದಲ್ಲಿ ಇಬ್ಬನಿ ಕೂತಿದೆ. ಎಲೆಯ ಹುಳಿ ಬೆರೆತ ಆ ಇಬ್ಬನಿಯನ್ನು ಹೀರಿಸಲೆಂದು ಹೆಂಗಸರು ಗಿಡಗಳ ಮೇಲೆ ಬಿಳಿಯ ಬಟ್ಟೆ ಹಾಸುವ ಹೊತ್ತು. ಆ ಬಟ್ಟೆಯ ಮೇಲೆ ಬೀಳುವಂಥ ಬೆಳಕು ಮೇಲಿನಿಂದ ಇಳಿಯುತ್ತಿದೆ.

ಶಂಕ್ರವ್ವ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಅರಿವಿ ಹಾಸತಿದ್ದಾಕಿ ನಾನ ರಿ. ಹೊಸದಾಗಿ ಗಂಡನ ಮನಿಗೆ ನಡೀಲಿಕ್ಕೆ ಬಂದಾಗ. ಅವ್ರು ಬದುವಿನ ಮ್ಯಾಲೆ ನಿಂತ ನೋಡತಿದ್ರು” ಎಂದಳು.

ನಾನು ಪರದೆಯನ್ನು ನೋಡಿ ಹೇಳುತ್ತಿದ್ದೆನೋ, ನನ್ನ ನೆನಪನ್ನು ನೋಡಿ ಹೇಳುತ್ತಿದ್ದೆನೋ ಗೊತ್ತಾಗದೆ ಮಾತು ನಿಲ್ಲಿಸಿದೆ. ಆಕೆ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡಳು.

“ನಿಲ್ಲಸಬ್ಯಾಡ್ರಿ ಶಾಸ್ತ್ರ್ಯಾರ” ಎಂದಳು. “ಅಲ್ಲಿ ಇನ್ನೂ ಹೊತ್ತ ಮೂಡಿಲ್ಲ.”