ಅಕ್ಕ ಕೊಟ್ಟ ಪಾಸ್‌ವರ್ಡ್

ವಕೀಲರೊಬ್ಬರಿಗೆ ಅವರ ಕಕ್ಷಿದಾರರ ಹೇಳಿಕೆಗಳನ್ನು ಟೈಪ್ ಮಾಡಿಕೊಟ್ಟೇ ನಮ್ಮಕ್ಕ ನನ್ನನ್ನೂ ತಮ್ಮನನ್ನೂ ಸಾಕಿದಳು. ಕೆಲಸವೆಲ್ಲ ಅಡುಗೆಮನೆ ಪಕ್ಕದ ಹಳೆಯ ಕಂಪ್ಯೂಟರಿನಲ್ಲಿ. ಯಾರ ಗುಟ್ಟಿನ ಬಗ್ಗೆಯೂ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಆದರೆ ತಮ್ಮನ ಮುಂದೆ ಕರಗಿ ನೀರಾಗುತ್ತಿದ್ದಳು.

ಮೀಸೆ ಬಂದಿದ್ದರೂ ಅವನು ಒಂದು ದಿನ ಮಗುವಿನಂತೆ ಮುಖ ಊದಿಸಿಕೊಂಡ: "ಕಂಪ್ಯೂಟರಿಗೆ ಏನಾದ್ರೂ ಹಾಕೋಕೆ ಹೋದ್ರೆ ಪ್ರತಿ ಸಲ ನಿನ್ನೇ ಕೇಳ್ಬೇಕು. ನಾನೇನು ಕಳ್ಳನಾ ಅಕ್ಕಾ?"

ಅಕ್ಕ ಹೊಸ ಪ್ರೋಗ್ರಾಂ ಹಾಕಲು ಬೇಕಾದ ಅಡ್ಮಿನ್ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟಳು. ನಾನು ಬೈದೆ. "ಮನೆಯವರಲ್ಲೇ ಎಂಥ ಮುಚ್ಚುಮರೆ, ಬಿಡೇ" ಎಂದಳು.

ತಮ್ಮನಿಗೆ ಹೊಸದಾಗಿ ಗಂಟುಬಿದ್ದಿದ್ದ ವೆಲ್ಡರ್ ಒಬ್ಬ ಮನೆಗೆ ಬಂದ. ಸಿನಿಮಾ ನೋಡುವ ಪ್ರೋಗ್ರಾಂ ಹಾಕಿಕೊಡುತ್ತೇನೆಂದ. ತಮ್ಮ ಚೀಟಿ ಮುಂದಿಟ್ಟ. ಆ ದರಿದ್ರದವನಿಗೆ ಚಹಾ ಕೊಟ್ಟವಳು ನಾನೇ.

ವಾರ ಕಳೆದಿರಲಿಲ್ಲ. ಒಂದು ಬೆಳಿಗ್ಗೆ ಅಕ್ಕನೂ ನಾನೂ ನೋಡುತ್ತಿದ್ದಂತೆ ಪರದೆಯ ಮೇಲೆ ಮೌಸಿನ ಬಾಣ ತಾನಾಗಿ ಓಡಿತು. ಅಕ್ಕ ಟೈಪ್ ಮಾಡಿದ್ದ ಹೊಲಿಗೆಯವಳೊಬ್ಬಳ ಹೇಳಿಕೆ ತೆರೆದುಕೊಂಡಿತು. ಗಂಡನ ಹೊಡೆತ ತಾಳಲಾರದೆ ಓಡಿಬಂದು ಅಡಗಿದ್ದವಳು ಅವಳು. ಪುಟಗಳು ಸರಿದು ಅವಳ ಈಗಿನ ವಿಳಾಸದ ಬಳಿ ನಿಂತವು. ಅಕ್ಕ ವೈರು ಕಿತ್ತಳು. ಹೊಲಿಗೆಯವಳು ಫೋನ್ ಎತ್ತಲಿಲ್ಲ. ಪೊಲೀಸರಿಗೆ ವಿಳಾಸ ಹೇಳುತ್ತಲೇ ಅಕ್ಕ ಬರಿಗಾಲಲ್ಲಿ ಓಡಿದಳು, ಹಿಂದೆ ನಾನು.

ನಾವು ಮುಟ್ಟುವಷ್ಟರಲ್ಲಿ ಬೈಕೊಂದು ಅಂಗಳದಲ್ಲಿ ಬಿದ್ದಿತ್ತು, ಬಾಗಿಲಿನ ಚಿಲಕ ಕಿತ್ತುಬಂದಿತ್ತು. ಒಳಗೆ ನಮ್ಮ ಚಹಾ ಕುಡಿದಿದ್ದ ಅದೇ ವೆಲ್ಡರ್! ಹೆಂಡತಿಯ ಜುಟ್ಟು ಹಿಡಿದು ಹೊಲಿಗೆ ಯಂತ್ರಕ್ಕೆ ಮುಖ ಜಜ್ಜುತ್ತಿದ್ದ. ಕತ್ತರಿಸಿಟ್ಟ ಬಟ್ಟೆಯೆಲ್ಲ ರಕ್ತ. ಅವನು ಕಬ್ಬಿಣದ ಸಲಾಕೆ ಎತ್ತಿದಾಗ ಅಕ್ಕ ಕೈ ಅಡ್ಡ ಹಿಡಿದಳು. ಮೂಳೆ ಲಟಕ್ಕೆಂದಿದ್ದು ನನಗೆ ಕೇಳಿಸಿತು. ನಾನು ಇಸ್ತ್ರಿಪೆಟ್ಟಿಗೆ ಎತ್ತಿ ಅವನ ಮಂಡಿಗೆ ಬಾರಿಸಿದೆ. ಅವನು ಬಿದ್ದ ಮೇಲೂ ಬಾರಿಸಿದೆ. ಇವತ್ತಿಗೂ ನನಗೆ ಅದರ ಪಶ್ಚಾತ್ತಾಪವಿಲ್ಲ. ಪೊಲೀಸರು ಎಳೆದೊಯ್ಯುವಾಗಲೂ "ನನ್ನ ಹೆಂಡ್ತಿ, ನನ್ನಿಷ್ಟ" ಎಂದು ಕಿರುಚುತ್ತಿದ್ದ.

ಹೊಲಿಗೆಯವಳು ಬದುಕಿದಳು, ಒಂದು ಕಣ್ಣು ಹೋಯಿತು. ಅಕ್ಕನ ಬಲಗೈಯ ಮೂರು ಬೆರಳು ಮತ್ತೆ ಮಡಚಲಿಲ್ಲ. ಆ ವೆಲ್ಡರ್ ಹಾಕಿದ್ದು ಸಿನಿಮಾದ್ದಲ್ಲ, ದೂರ ಕೂತೇ ನಮ್ಮ ಕಂಪ್ಯೂಟರ್ ನಡೆಸುವ ಪ್ರೋಗ್ರಾಂ. ಹೆಂಡತಿಯ ಹೇಳಿಕೆ ಎಲ್ಲಿ ಟೈಪ್ ಆಗುತ್ತದೆಂದು ತಿಳಿದೇ ತಮ್ಮನ ಸ್ನೇಹ ಬೆಳೆಸಿದ್ದ.

ಈ ಹಲ್ಲೆಯ ಬಗೆಗಿನ ಹೊಸ ಹೇಳಿಕೆಯನ್ನು ಅಕ್ಕ ವಕೀಲರ ಆಫೀಸಿನಲ್ಲಿ ಕೂತು ಎಡಗೈಯಲ್ಲಿ ಟೈಪ್ ಮಾಡಿದಳು. ವಿಳಾಸ ಅವನಿಗೆ ಹೇಗೆ ಸಿಕ್ಕಿತೆಂದು ಬರೆಯುವಲ್ಲಿಗೆ ಬಂದಾಗ, ಪಕ್ಕದಲ್ಲಿ ನಿಂತಿದ್ದ ತಮ್ಮ ಬಿಕ್ಕಿದ.

"ನನ್ನ ಹೆಸರು ಹಾಕ್ತೀಯಾ ಅಕ್ಕಾ?"

"ಹಾಕ್ತೀನಿ. ನಿಂದು ಎರಡನೇದು" ಎಂದಳು ಅಕ್ಕ. "ಮೊದಲ್ನೇದು ನಂದು."