ಕೆರಿಯಮ್ಮ ಕರೆದ ಮುಯ್ಯಾಳುಗಳು

ನಿಟ್ಟೂರಿನ ಕೆರಿಯಮ್ಮ ಕೂಲಿ ಕೊಟ್ಟು ಭತ್ತದ ಸಸಿ ನಟ್ಟಿ ಮಾಡಿಸಿದವಳಲ್ಲ, ಎಲ್ಲ ಮುಯ್ಯಿ. ನೀನು ನನ್ನ ಗದ್ದೆಗೆ ಬಾ, ನಾನು ನಿನ್ನ ಗದ್ದೆಗೆ ಬರುತ್ತೇನೆ, ಅಷ್ಟೆ. ಅವಳು ಕೂಗಿದರೆ ಬಾರದೆ ಉಳಿದವರು ಊರಲ್ಲಿರಲಿಲ್ಲ. ಅಂಥವಳಿಗೆ ಮನೆಯೊಳಗೇ ಒಬ್ಬಳು ಮಾತಿಗೆ ಸಿಗದಾದಳು: ಮೊಮ್ಮಗಳು ಸೌಜನ್ಯ.

ಕೊರೊನಾ ಬಂದು ಎಂ.ಎ. ಪಾಠ ಫೋನಿಗೆ ಇಳಿದ ಮೇಲೆ ಹುಡುಗಿ ಕೊಟ್ಟಿಗೆಯ ಅಟ್ಟ ಸೇರಿದ್ದಳು. ಸಿಗ್ನಲ್ ಸಿಗುವುದು ಅಲ್ಲೇ. ಬರಬರುತ್ತ ಪಾಠವಿಲ್ಲದಾಗಲೂ ಹುಲ್ಲಿಗೆ ಒರಗಿ ಕೂತಿರುತ್ತಿದ್ದಳು. ತಟ್ಟೆಯಲ್ಲಿ ಅನ್ನ ಹಾಗೇ. ಏನು ಕೇಳಿದರೂ ಬರೀ 'ಹ್ಞೂಂ'.

ಒಂದು ಬೆಳಿಗ್ಗೆ ಕೆರಿಯಮ್ಮ ರೊಟ್ಟಿ ಹಿಡಿದು ಏಣಿ ಹತ್ತಿದಳು. ಸೌಜನ್ಯ ಆಗಷ್ಟೇ ಮೈಕ್ ಹಾಕಿ ಹಾಜರಿ ಹೇಳಿದ್ದಳು. ಫೋನಿನ ತುಂಬ ಕಪ್ಪು ಚೌಕಗಳು, ಕೆಳಗೆ ಹೆಸರುಗಳು.

"ಇವೆಲ್ಲ ಯಾರೇ?"

"ನನ್ ಕ್ಲಾಸಿನವ್ರು ಅಜ್ಜಿ."

"ಎಂತಕ್ಕೆ ಎಲ್ಲಾ ಬಾಗ್ಲು ಹಾಕ್ಕಂಡು ಕೂತಿದಾವೆ? ಮಾತಾಡಲ್ವಾ?"

"ಯಾರೂ ಆಡಲ್ಲ. ನಾನು ಒಬ್ರ ಹತ್ರ ಮಾತಾಡಿ ಎಷ್ಟು ತಿಂಗ್ಳಾಯ್ತೋ."

"ಸೌಜನ್ಯಾ, ಮೈಕ್ ಆನ್ ಇದೆ. ಎಲ್ಲರಿಗೂ ಕೇಳ್ತಿದೆ," ಎಂದರು ಮೇಷ್ಟ್ರು.

"ಕೇಳಿದ್ರೆ ಒಳ್ಳೇದೇ ಆಯ್ತು!" ಕೆರಿಯಮ್ಮ ಫೋನು ಕಸಿದು, ಆಚೆ ಗದ್ದೆಯವರನ್ನು ಕರೆಯುವ ದನಿ ತೆಗೆದಳು. "ಏ ಮಕ್ಳಾ, ಉಂಡ್ರಾ? ಭಾನುವಾರ ನಮ್ಮನೇಲಿ ನಟ್ಟಿ, ಬರ್ರಿ. ಮುಯ್ಯಿಗೆ ನಮ್ ಹುಡ್ಗೀನ ಕಳಿಸ್ತೀನಿ!"

ಒಂದು ಚೌಕ ಬೆಳಗಿತು. ತಲೆಗೆ ಟವೆಲು ಸುತ್ತಿದ ರಿಪ್ಪನ್‌ಪೇಟೆಯ ದೀಪಕ್.

"ಅಜ್ಜೀ, ಊಟಕ್ಕೆಂತ?"

"ಕಡುಬು, ಕೋಳಿ ಸಾರು."

"ಹಂಗಾರೆ ಬಂದೆ ಅಂತ್ಲೇ ತಿಳ್ಕಳಿ."

ಒಂದೊಂದೇ ಬಾಗಿಲು ತೆರೆಯಿತು. ಆ ದಿನದ ಪಾಠ ಅಲ್ಲಿಗೇ ನಿಂತಿತು.

ಲಾಕ್‌ಡೌನ್ ಆಗ ಸಡಿಲವಾಗಿತ್ತು; ಭಾನುವಾರ ಕ್ಲಾಸಿನ ಐದು ಜನ ಬಂದರು. ಕೆಸರಿಗಿಳಿದ ದೀಪಕ್ ಎರಡೇ ಹೆಜ್ಜೆಗೆ ಅಂಗಾತ ಬಿದ್ದ.

"ಸಸಿ ನೆಡೋ ಅಂದ್ರೆ ಗದ್ದೆ ಅಳೀತಿಯಲ್ಲೋ ಮಾರಾಯ!" ಎಂದಳು ಕೆರಿಯಮ್ಮ.

ಸೌಜನ್ಯ ಬದುವಿನ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕಾಲು ತೊಳೆಯುವಾಗ ತೀರ್ಥಹಳ್ಳಿಯ ಸುಚಿತ್ರಾ ಮೆಲ್ಲಗೆ, "ನಾನೊಬ್ಳೇ ಹಿಂಗಾಗಿದೀನಿ ಅಂದ್ಕಂಡಿದ್ದೆ ಕಣೇ. ಮುಖ ತೋರ್ಸಕ್ಕೂ ಹೆದ್ರಿಕೆ," ಎಂದಳು. ಅಂದು ಸೌಜನ್ಯ ಕಡುಬು ಎರಡೆರಡು ಸಲ ಹಾಕಿಸಿಕೊಂಡಳು.

ಮಾರನೆಯ ದಿನ ಕೆರಿಯಮ್ಮ ಹುಡುಗರು ನೆಟ್ಟಿದ್ದ ಅಂಕುಡೊಂಕು ಸಾಲುಗಳನ್ನೆಲ್ಲ ಕಿತ್ತು ನೆಡುತ್ತಿದ್ದಳು. ಸೌಜನ್ಯ ಚೀಲ ಹೆಗಲಿಗೇರಿಸಿ ಬಂದಳು.

"ಅಜ್ಜೀ, ಸುಚಿತ್ರಾ ಮನೆಗೆ ಮುಯ್ಯಿಗೆ ಹೋಗ್ತೀನಿ."

"ಅವ್ರದ್ದು ಹೋಟ್ಲಲ್ವೇನೇ? ಗದ್ದೆ ಎಲ್ಲಿದ್ಯೇ?"

"ಲೋಟ ತೊಳಿತೀನಿ."

"ಹೋಗು ಹೋಗು. ಲೋಟನಾದ್ರೂ ನೆಟ್ಟಗೆ ಸಾಲು ಹಿಡ್ಸು," ಎಂದ ಮುದುಕಿ ಮತ್ತೆ ಸಸಿಗೆ ಬಗ್ಗಿದಳು.